ಡೇಟಾ ಒಳಗೇ, ಸಂಶೋಧಕರೂ ಒಳಗೇ: ಒಂದು ಸುರಕ್ಷಿತ ಸರ್ವರ್ ಕಟ್ಟಿದ ದಾಖಲೆ

ಕೆಲಸ ಇಷ್ಟು. ಒಂದು ರೋಗ ನೋಂದಣಿಯ ದಾಖಲೆಗಳಿವೆ: ಹೆಸರು, ಹುಟ್ಟಿದ ದಿನಾಂಕ, ಫೋನ್ ಸಂಖ್ಯೆ, ಊರು, ತಪಾಸಣೆಯ ಫಲಿತಾಂಶ, ಕೊಟ್ಟ ಔಷಧ. ಅನುಮೋದನೆ ಪಡೆದ ಹೊರಗಿನ ಸಂಶೋಧಕರು ಇದರ ಮೇಲೆ ಲೆಕ್ಕ ಹಾಕಬೇಕು. ಬಹಳ ಕಡೆ ಹೆಸರಿನ ಕಾಲಂ ಅಳಿಸಿ, ಫೈಲಿಗೊಂದು ಪಾಸ್‌ವರ್ಡ್ ಹಾಕಿ ಕಳಿಸಿಬಿಡುತ್ತಾರೆ. ಕಳಿಸಿದ ಮರುಗಳಿಗೆಯಿಂದ ಅದರ ಪ್ರತಿ ಎಷ್ಟಿವೆ, ಎಲ್ಲೆಲ್ಲಿವೆ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ. ಹೆಸರು ಅಳಿಸಿದರೆ ಗುರುತು ಹೋಯಿತು ಎಂಬುದೂ ಸುಳ್ಳು. ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಅಂಚೆ ಸಂಖ್ಯೆ, ಈ ಮೂರೇ ಸೇರಿದರೆ ಅಮೆರಿಕದ ಸುಮಾರು 87 ಶೇಕಡಾ ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದು ಎಂದು ಲತಾನ್ಯಾ ಸ್ವೀನಿ 1990ರ ಜನಗಣತಿ ಇಟ್ಟುಕೊಂಡು 2000ದಲ್ಲಿ ಲೆಕ್ಕ ಹಾಕಿದ್ದರು.

ಆದ್ದರಿಂದ ಇಲ್ಲಿ ದಾರಿಯನ್ನು ತಿರುಗಿಸಲಾಗಿದೆ. ಡೇಟಾ ಜಾಗ ಬಿಟ್ಟು ಕದಲುವುದಿಲ್ಲ. ಸಂಶೋಧಕರು ದೂರದಿಂದಲೇ ಒಳಗೆ ಬಂದು ಕೂರುತ್ತಾರೆ, ಹೊರಗೆ ಹೋಗುವುದು ತಪಾಸಣೆಯಾದ ಫಲಿತಾಂಶ ಮಾತ್ರ. ಡಿಸ್ಕ್ ಬೀಗ, ಫೈರ್‌ವಾಲ್ ಇವೆಲ್ಲ ಒಂದು ವಾರದ ಕೆಲಸ. ಆ ಕೊನೆಯ ಬಾಗಿಲು, ಫಲಿತಾಂಶ ಹೊರಹೋಗುವ ಬಾಗಿಲು, ಅದೇ ನಿಜವಾದ ಕಷ್ಟ. ಬರಹದ ಅತಿ ಉದ್ದದ ಭಾಗವೂ ಅದರದ್ದೇ.

ಯಂತ್ರಗಳು ಮತ್ತು ಡಿಸ್ಕ್

ನಾಲ್ಕು ಯಂತ್ರ, ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ನೆಟ್‌ವರ್ಕ್‌ಗಳನ್ನು ಬೇರ್ಪಡಿಸುವ ವ್ಯವಸ್ಥೆ) ಬರುವ ಒಂದು ಸ್ವಿಚ್. ಡೇಟಾ ಯಂತ್ರಕ್ಕೆ 8 ಕೋರ್, 64 ಜಿಬಿ ಇಸಿಸಿ (ತನ್ನ ದೋಷ ತಾನೇ ತಿದ್ದಿಕೊಳ್ಳುವ) ಮೆಮರಿ, 2 ಟಿಬಿಯ ಎರಡು ಎನ್‌ವಿಎಂಇ ಡಿಸ್ಕ್. ಕೆಲಸದ ಯಂತ್ರಕ್ಕೆ 16 ಕೋರ್, 128 ಜಿಬಿ. ಪ್ರತಿ ಯೋಜನೆಗೆ ಇದರಲ್ಲೊಂದು ವರ್ಚುವಲ್ ಯಂತ್ರ. ಹೊರಜಗತ್ತಿಗೆ ಮುಖ ಮಾಡಿರುವ ದ್ವಾರ ಯಂತ್ರಕ್ಕೆ 4 ಕೋರ್, 8 ಜಿಬಿ, ಎರಡು ನೆಟ್‌ವರ್ಕ್ ಪೋರ್ಟ್ ಸಾಕು. ನಾಲ್ಕನೆಯದು ಲಾಗ್ ಯಂತ್ರ, ಯಾರು ಯಾವಾಗ ಏನು ಮಾಡಿದರು ಎಂದು ಬರೆದಿಡುವುದು. ಮೊದಲ ಮೂರನ್ನು ಒಂದೇ ಪೆಟ್ಟಿಗೆಯಲ್ಲಿ ವರ್ಚುವಲ್ ಆಗಿ ಇಟ್ಟರೂ ಹೇಗೋ ನಡೆದೀತು, ಲಾಗ್ ಯಂತ್ರವನ್ನು ಮಾತ್ರ ಬೇರೆಯೇ ಇಡಬೇಕು. ಉಳಿದವುಗಳ ನಿರ್ವಾಹಕರಿಗೆ ಅದರೊಳಗೆ ಬರೆಯುವ ಅಥವಾ ಅಳಿಸುವ ಅಧಿಕಾರ ಇರಬಾರದು.

ಡಿಸ್ಕ್‌ನಲ್ಲಿ ಕೆಳಗೆ ರೇಡ್ 1 (ಎರಡೂ ಡಿಸ್ಕ್‌ನಲ್ಲಿ ಒಂದೇ ಪ್ರತಿ), ಅದರ ಮೇಲೆ ಲಕ್ಸ್2 (ಇಡೀ ಡಿಸ್ಕ್‌ಗೆ ಗೂಢಲಿಪಿಯ ಬೀಗ), ಅದರ ಮೇಲೆ ಫೈಲ್ ವ್ಯವಸ್ಥೆ. ಸ್ವಾಪ್ ಇಟ್ಟಿಲ್ಲ, ಕೋರ್ ಡಂಪ್ ನಿಲ್ಲಿಸಿದೆ. ಎರಡೂ ಮೆಮರಿಯಲ್ಲಿದ್ದ ಸಾಲುಗಳನ್ನು ಡಿಸ್ಕ್‌ಗೆ ಚೆಲ್ಲುತ್ತವೆ. ಕೀಲಿಯನ್ನು ಯಂತ್ರದೊಳಗೇ ಹಿಡಿದಿಡುವ ಟಿಪಿಎಂ ಚಿಪ್‌ನಿಂದ ತಾನೇ ಬೀಗ ತೆಗೆದುಕೊಳ್ಳುವ ವ್ಯವಸ್ಥೆ ಅನುಕೂಲವೇ, ಆದರೆ ಇಡೀ ಯಂತ್ರವನ್ನೇ ಹೊತ್ತೊಯ್ದವರಿಗೂ ಅದು ಬೀಗ ತೆಗೆದುಕೊಡುತ್ತದೆ. ಆದ್ದರಿಂದ ಪಾಸ್‌ವಾಕ್ಯ. ಅದನ್ನು ಶಮೀರ್ ವಿಧಾನದಲ್ಲಿ ಐದು ಪಾಲು ಮಾಡಿ ಐವರಿಗೆ ಕೊಟ್ಟಿದೆ, ಯಾವುದೇ ಮೂರು ಪಾಲು ಸೇರಿದರೆ ತೆರೆಯುತ್ತದೆ.

ಲಕ್ಸ್ ತಲೆಭಾಗ, ಎಂದರೆ ಕೀಲಿಗಳಿರುವ ಡಿಸ್ಕ್‌ನ ಆರಂಭದ ತುಂಡು, ಕೆಟ್ಟರೆ ಸರಿಯಾದ ಪಾಸ್‌ವಾಕ್ಯ ಇದ್ದರೂ ಒಂದು ಬೈಟೂ ವಾಪಸ್ ಬರುವುದಿಲ್ಲ. ಲಕ್ಸ್2ರಲ್ಲಿ ಸಾಮಾನ್ಯವಾಗಿ 16 ಎಂಬಿ ಇರುವ ಈ ತಲೆಭಾಗದ ಪ್ರತಿಯನ್ನು ಕ್ರಿಪ್ಟ್‌ಸೆಟಪ್‌ನ ಹೆಡರ್ ಬ್ಯಾಕಪ್ ಆದೇಶದಿಂದ ತೆಗೆದಿಡಬೇಕು. ಇಲ್ಲೊಂದು ಬಲೆ ಇದೆ. ಯಾರದೋ ಪಾಸ್‌ವಾಕ್ಯವನ್ನು ನಾಳೆ ರದ್ದು ಮಾಡಿದರೂ, ಹಳೆಯ ತಲೆಭಾಗದ ಪ್ರತಿ ಉಳಿದಿದ್ದರೆ ಆ ರದ್ದಾದ ಪಾಸ್‌ವಾಕ್ಯವೇ ಡಿಸ್ಕ್ ತೆರೆಯುತ್ತದೆ. ಪಾಸ್‌ವಾಕ್ಯ ಬದಲಿಸಿದಾಗಲೆಲ್ಲ ಹೊಸ ಪ್ರತಿ ತೆಗೆದು ಹಳೆಯದನ್ನು ನಾಶ ಮಾಡಬೇಕು.

ಹೊರದಾರಿ ಮುಚ್ಚುವುದು

ಫೈರ್‌ವಾಲ್ ಎಂದರೆ ಒಳಬರುವುದನ್ನು ತಡೆಯುವುದು ಎಂದೇ ಹೆಚ್ಚಿನವರ ರೂಢಿ. ಇಲ್ಲಿ ತಡೆಯಬೇಕಾದದ್ದು ಹೊರಹೋಗುವುದನ್ನು. ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ಇನ್‌ಪುಟ್, ಔಟ್‌ಪುಟ್, ಫಾರ್ವರ್ಡ್ ಮೂರಕ್ಕೂ ಮೂಲ ನೀತಿ ಡ್ರಾಪ್, ಎಂದರೆ ಅನುಮತಿಸದ್ದೆಲ್ಲ ಬಿದ್ದುಹೋಗುತ್ತದೆ. ಡೇಟಾ ಯಂತ್ರಕ್ಕೆ ಹೊರಗಿನ ಗೇಟ್‌ವೇಯನ್ನೇ ಕೊಟ್ಟಿಲ್ಲ. ತೆರೆದಿರುವುದು ಕೆಲಸದ ಯಂತ್ರದಿಂದ ಡೇಟಾಬೇಸ್‌ಗಾಗಿ ಡೇಟಾ ಯಂತ್ರದ 5432ನೇ ಪೋರ್ಟ್‌ಗೆ ಒಂದು ದಾರಿ, ಲಾಗ್ ಕಳಿಸಲು ಲಾಗ್ ಯಂತ್ರದ 6514ಕ್ಕೆ ಒಂದು, ಸಮಯ ಕೇಳಲು ದ್ವಾರ ಯಂತ್ರದ 123ಕ್ಕೆ ಒಂದು. ಹೊರಗಿನಿಂದ ಬರುವವರಿಗೆ ದ್ವಾರ ಯಂತ್ರದಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ, ಯುಡಿಪಿ ಪೋರ್ಟ್ 51820.

ಇಲ್ಲಿ ತಪ್ಪಾಗುವುದು ಮೂರು ಕಡೆ. ಒಂದು: ನಿಯಮಗಳನ್ನು ಐಪಿ ಎಂಬ ಕುಟುಂಬದ ಟೇಬಲ್‌ನಲ್ಲಿ ಬರೆದರೆ ಅವು ಐಪಿವಿ4ಕ್ಕೆ ಮಾತ್ರ ಅನ್ವಯಿಸುತ್ತವೆ, ಐಪಿವಿ6 ಹಾಗೇ ತೆರೆದಿರುತ್ತದೆ. ಎರಡಕ್ಕೂ ಅನ್ವಯಿಸುವ ಐನೆಟ್ ಕುಟುಂಬದಲ್ಲಿ ಬರೆಯಬೇಕು.

ಎರಡು: ಡಿಎನ್‌ಎಸ್. ವೆಬ್ ದಾರಿ ಪೂರ್ತಿ ಮುಚ್ಚಿದ್ದರೂ ಹೆಸರು ಹುಡುಕುವ ಸೇವೆ ತೆರೆದಿದ್ದರೆ ಸಾಕು. ಒಂದು ಡೊಮೈನ್ ಹೆಸರಿನಲ್ಲಿ 253 ಅಕ್ಷರ, ಪ್ರತಿ ತುಂಡಿಗೆ 63 ಅಕ್ಷರ ಹಿಡಿಸುತ್ತದೆ. ಆ ಹೆಸರಿನೊಳಗೇ ಡೇಟಾ ತುಂಬಿ ಕೇಳಿದರೆ, ನಮ್ಮ ಹೆಸರುಶೋಧಕವೇ ಅದನ್ನು ಕೈಯಾರೆ ಹೊತ್ತು ಆ ಡೊಮೈನಿನ ಒಡೆಯನ ಸರ್ವರ್‌ಗೆ ಮುಟ್ಟಿಸುತ್ತದೆ. ಪ್ರತಿ ಪ್ರಶ್ನೆಗೆ 150 ಬೈಟ್ ಎಂದಿಟ್ಟುಕೊಂಡರೂ ಒಂದು ಎಂಬಿಗೆ ಸುಮಾರು 7,000 ಪ್ರಶ್ನೆ, ಅರ್ಧ ಗಂಟೆಯೂ ಬೇಡದ ಕೆಲಸ. ಒಳಗಿನ ಯಂತ್ರಗಳಿಗೆ ಡಿಎನ್‌ಎಸ್ ಕೊಟ್ಟಿಲ್ಲ. ಹತ್ತಾರು ಹೆಸರುಗಳಷ್ಟೇ ಇರುವುದರಿಂದ ಯಂತ್ರದೊಳಗೇ ಇರುವ ಹೆಸರು-ವಿಳಾಸದ ಪಟ್ಟಿ, ಹೋಸ್ಟ್ಸ್ ಫೈಲ್, ಸಾಕು.

ಮೂರು: ಪೈಥಾನ್ ಮತ್ತು ಆರ್ ಪ್ಯಾಕೇಜ್‌ಗಳು. ಸಂಶೋಧಕರಿಗೆ ಇವು ಬೇಕೇ ಬೇಕು. ಕೇಳಿದಾಗ ಹೊರಗಿನಿಂದ ತಂದುಕೊಡುವ ಪ್ರಾಕ್ಸಿ ಹಾಕಿದರೆ, ಕೇಳುವ ವಿಳಾಸವೇ ಹೊರಗೆ ಹೋಗುತ್ತದೆ. ಇಲ್ಲದ ಪ್ಯಾಕೇಜಿನ ಹೆಸರಿನಲ್ಲಿ ಡೇಟಾ ಬರೆದು ಕೇಳಬಹುದು. ಪೂರ್ತಿ ಪ್ರತಿಯನ್ನು ದ್ವಾರ ಯಂತ್ರ ರಾತ್ರಿ ತಾನಾಗಿ ಇಳಿಸಿಕೊಂಡು ಒಳಗೆ ಇಡಬೇಕು. ಪೈಥಾನ್‌ಗೆ ಬ್ಯಾಂಡರ್‌ಸ್ನ್ಯಾಚ್ ಇದೇ ಕೆಲಸ ಮಾಡುತ್ತದೆ. ಅನುಮತಿಸಿದ ಪಟ್ಟಿಯ ಪ್ಯಾಕೇಜ್‌ಗಳಷ್ಟನ್ನೇ ಇಳಿಸಿಕೊಂಡರೆ ಜಾಗವೂ ಉಳಿಯುತ್ತದೆ.

ಗುರುತು ಮರೆಸುವುದು

ಫೋನ್ ಸಂಖ್ಯೆಯನ್ನು ಬರೀ ಹ್ಯಾಶ್ ಮಾಡಿದರೆ, ಎಂದರೆ ಒಂದು ಸೂತ್ರದಿಂದ ಹಿಂದಕ್ಕೆ ತಿರುಗಿಸಲಾಗದ ಅಕ್ಷರಗಳ ಸರಣಿಯಾಗಿಸಿದರೆ, ಅದು ಮರೆಯಾಗುವುದಿಲ್ಲ. ಹತ್ತಂಕಿಯ ಸಂಖ್ಯೆಗಳು ಒಟ್ಟು 1,000 ಕೋಟಿ. ಅಷ್ಟಕ್ಕೂ ಎಸ್‌ಎಚ್‌ಎ-256 ಎಂಬ ಹ್ಯಾಶ್ ಹಾಕಿ ಹೋಲಿಸುವುದು ಇವತ್ತಿನ ಒಂದು ಗ್ರಾಫಿಕ್ಸ್ ಕಾರ್ಡ್‌ಗೆ ಕ್ಷಣಗಳ ಕೆಲಸ. 2014ರಲ್ಲಿ ನ್ಯೂಯಾರ್ಕ್‌ನ ಸುಮಾರು 17 ಕೋಟಿ ಟ್ಯಾಕ್ಸಿ ಪ್ರಯಾಣಗಳ ದಾಖಲೆ ಹೊರಬಂದಾಗ ಟ್ಯಾಕ್ಸಿ ಸಂಖ್ಯೆಗಳಿಗೆ ಎಂಡಿ5 ಎಂಬ ಇನ್ನೊಂದು ಹ್ಯಾಶ್ ಹಾಕಿದ್ದರು. ಸಾಧ್ಯವಿರುವ ಸಂಖ್ಯೆಗಳು ಕಡಿಮೆಯಿದ್ದುದರಿಂದ ಎಲ್ಲವೂ ಬಿಚ್ಚಿಕೊಂಡವು.

ಬೇಕಾದದ್ದು ಕೀಲಿ ಇರುವ ಹ್ಯಾಶ್, ಅಂದರೆ ಎಚ್‌ಮ್ಯಾಕ್. 32 ಬೈಟಿನ ಒಂದು ಮೂಲ ಕೀಲಿ. ಅದರಿಂದ ಯೋಜನೆಯ ಸಂಕೇತದ ಮೇಲೆ ಎಚ್‌ಮ್ಯಾಕ್ ಹಾಕಿ ಆ ಯೋಜನೆಯ ಕೀಲಿ. ಆ ಕೀಲಿಯಿಂದ ವ್ಯಕ್ತಿಯ ಸಂಖ್ಯೆಯ ಮೇಲೆ ಎಚ್‌ಮ್ಯಾಕ್; ಬಂದದ್ದರಲ್ಲಿ ಮೊದಲ 16 ಬೈಟ್, ಎಂದರೆ 32 ಹೆಕ್ಸ್ ಅಕ್ಷರ. ಕೀಲಿ ಯೋಜನೆಗೊಂದರಂತೆ ಬೇರೆ ಇರುವುದರಿಂದ ಎರಡು ಯೋಜನೆಯವರು ತಮ್ಮ ಸಾಲುಗಳನ್ನು ಈ ಸಂಕೇತದಿಂದ ಜೋಡಿಸಲಾರರು. ಈ ಕೆಲಸವನ್ನು ಡೇಟಾಬೇಸ್ ಒಳಗಿನ ಪಿಜಿಕ್ರಿಪ್ಟೋದಲ್ಲಿ ಮಾಡಬೇಡಿ. ಕೀಲಿಯನ್ನು ಎಸ್‌ಕ್ಯುಎಲ್ ವಾಕ್ಯದಲ್ಲಿ ಬರೆದರೆ, ಆಡಿಟ್ ಲಾಗ್ ಆ ವಾಕ್ಯವನ್ನು ಕೀಲಿ ಸಮೇತ ಬರೆದಿಟ್ಟುಕೊಳ್ಳುತ್ತದೆ. ಡೇಟಾಬೇಸ್‌ನ ಹೊರಗಿನ ಪೈಥಾನ್ ಸ್ಕ್ರಿಪ್ಟ್, ಮೆಮರಿಯಲ್ಲಷ್ಟೇ ಇರುವ ಟಿಎಂಪಿಎಫ್‌ಎಸ್‌ನಿಂದ ಓದಿದ ಕೀಲಿ: ಹೀಗೆ ಇಟ್ಟುಕೊಂಡದ್ದು ಸರಿಹೋಯಿತು.

ಹ್ಯಾಶ್‌ಗೆ ಮುಂಚೆ ಬರಹವನ್ನು ಒಂದೇ ರೂಪಕ್ಕೆ ತರದಿದ್ದರೆ ಒಬ್ಬರೇ ಇಬ್ಬರಾಗುತ್ತಾರೆ. ಸಂಖ್ಯೆಗಳಲ್ಲಿ ಮುಂದಿನ ಸೊನ್ನೆ, ನಡುವಿನ ಖಾಲಿ ಜಾಗ, ದೇಶದ ಸಂಕೇತ. ಕನ್ನಡದಲ್ಲಿ ಬರೆದ ಹೆಸರುಗಳಲ್ಲಿ ತೊಂದರೆ ಇನ್ನೂ ಸೂಕ್ಷ್ಮ: ‘ಕೊ’ ಎಂಬುದು ಯೂನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆಯಾಗಿಯೂ ಇರಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎರಡಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಹ್ಯಾಶ್ ಬೇರೆ ಬೇರೆ. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ನಿಯತ ರೂಪಕ್ಕೆ ತಂದರೆ ಇದು ಸರಿಯಾಗುತ್ತದೆ. ಆದರೆ ಒತ್ತಕ್ಷರ ತಡೆಯಲು ನಡುವೆ ಹಾಕುವ ಕಣ್ಣಿಗೆ ಕಾಣದ ಚಿಹ್ನೆ ಎನ್‌ಎಫ್‌ಸಿಗೆ ಹೋಗುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು.

ದಿನಾಂಕಗಳನ್ನು ವ್ಯಕ್ತಿಗೊಂದು ಅಳತೆಯಲ್ಲಿ ಸರಿಸಿದೆ: ಅದೇ ಕೀಲಿಯಿಂದ ಬಂದ, ಹಿಂದೆ ಅಥವಾ ಮುಂದೆ 26 ವಾರದೊಳಗಿನ ಒಂದು ಸಂಖ್ಯೆ. ಒಬ್ಬರ ಎರಡು ಭೇಟಿಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ದಿನಗಳಲ್ಲಿ ಅಲ್ಲದೆ ವಾರಗಳಲ್ಲಿ ಸರಿಸಿದ್ದರಿಂದ ಸೋಮವಾರ ಸೋಮವಾರವಾಗಿಯೇ ಇರುತ್ತದೆ. ಋತುಮಾನದ ಅಧ್ಯಯನಕ್ಕೆ ಇದು ಬರುವುದಿಲ್ಲ, ಅಂಥವರಿಗೆ ಸರಿಸದೆ ತಿಂಗಳನ್ನಷ್ಟೇ ಕೊಡುವುದು. ಇನ್ನೊಂದು ಎಚ್ಚರ: ‘ದಾಖಲೆ ತೆಗೆದ ದಿನ’ದಂಥ ಎಲ್ಲರಿಗೂ ಒಂದೇ ಆಗಿರುವ ಕಾಲಂ ಕೂಡ ಸರಿದು ಹೋಗಿದ್ದರೆ, ಅದನ್ನು ನೋಡಿ ಪ್ರತಿಯೊಬ್ಬರ ಸರಿಸಿದ ಅಳತೆಯನ್ನು ಕಳೆದು ತೆಗೆಯಬಹುದು. ಅಂಥ ಕಾಲಂಗಳನ್ನು ಬಿಡಬೇಕು.

ವಯಸ್ಸು ಐದೈದು ವರ್ಷದ ಗುಂಪಿನಲ್ಲಿ, 90 ದಾಟಿದವರೆಲ್ಲ ಒಂದೇ ಗುಂಪು. ಆಮೇಲೆ ವಯಸ್ಸಿನ ಗುಂಪು, ಲಿಂಗ, ಪ್ರದೇಶ ಮೂರನ್ನೂ ಸೇರಿಸಿ ಎಣಿಸಿ, 10ಕ್ಕಿಂತ ಕಡಿಮೆ ಜನ ಬಿದ್ದ ಗುಂಪುಗಳಲ್ಲಿ ಪ್ರದೇಶವನ್ನು ಇನ್ನೊಂದು ಹಂತ ಹಿರಿದು ಮಾಡಿದ್ದು. ವೈದ್ಯರ ಟಿಪ್ಪಣಿಯಂಥ ಮುಕ್ತ ಬರಹದ ಕಾಲಂ ಒಂದನ್ನೂ ಕೊಟ್ಟಿಲ್ಲ. ಅದರಲ್ಲಿ ಮಗನ ಹೆಸರು, ಕೆಲಸದ ಜಾಗ, ಪಕ್ಕದ ಮನೆಯವರ ಫೋನ್, ಏನೂ ಇರಬಹುದು.

ಯೋಜನೆಗೊಂದು ಡೇಟಾಬೇಸ್

ಮೊದಲ ವಿನ್ಯಾಸದಲ್ಲಿ ಡೇಟಾಬೇಸ್ ಒಂದೇ ಇತ್ತು, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಸಾಲು ಮಟ್ಟದ ರಕ್ಷಣೆಯಿಂದ ಯಾರಿಗೆ ಯಾವ ಸಾಲು ಎಂದು ತೀರ್ಮಾನಿಸುವ ಯೋಚನೆ. ಅದನ್ನು ಕೈಬಿಟ್ಟದ್ದಕ್ಕೆ ಕಾರಣಗಳಿವೆ. ಟೇಬಲ್‌ನ ಒಡೆಯನಿಗೆ ಆ ರಕ್ಷಣೆ ತಾನಾಗಿ ಅನ್ವಯಿಸುವುದಿಲ್ಲ, ಫೋರ್ಸ್ ಎಂದು ಬೇರೆ ಹೇಳಬೇಕು. ವ್ಯೂ (ಉಳಿಸಿಟ್ಟ ಪ್ರಶ್ನೆಯೊಂದು ಟೇಬಲ್‌ನಂತೆ ಕಾಣುವುದು) ಮಾಡಿದರೆ ಅದು ಓಡುವುದು ವ್ಯೂ ಒಡೆಯನ ಅಧಿಕಾರದಲ್ಲಿ. ಕೇಳಿದವರ ಅಧಿಕಾರದಲ್ಲಿ ಓಡಿಸುವ ಆಯ್ಕೆ ಬಂದದ್ದೇ 15ನೇ ಆವೃತ್ತಿಯಲ್ಲಿ. ನೀತಿಯನ್ನು ಸೆಷನ್ ವೇರಿಯಬಲ್ (ಆ ಸಂಪರ್ಕದ ಮಟ್ಟಿಗೆ ಇಟ್ಟ ಒಂದು ಬೆಲೆ) ನೋಡಿ ನಿರ್ಧರಿಸುವಂತೆ ಬರೆದರೆ, ಸಂಶೋಧಕರು ತಾವೇ ಒಂದು ಸೆಟ್ ಆದೇಶ ಕೊಟ್ಟು ಆ ವೇರಿಯಬಲ್ ಬದಲಿಸಬಹುದು. ಒಂದು ಮರೆವಿನಿಂದ ಇಡೀ ನೋಂದಣಿ ತೆರೆದುಕೊಳ್ಳುವ ವಿನ್ಯಾಸದ ಮೇಲೆ ರೋಗಿಗಳ ದಾಖಲೆ ಇಡಬಾರದು.

ಈಗಿನ ಜೋಡಣೆ: ಮೂಲ ದಾಖಲೆಗಳ ಪೋಸ್ಟ್‌ಗ್ರೆಸ್ ಬೇರೆ, ಅದರ ಲಿಸನ್ ವಿಳಾಸ ಖಾಲಿ, ಯೂನಿಕ್ಸ್ ಸಾಕೆಟ್ ಬಿಟ್ಟರೆ ನೆಟ್‌ವರ್ಕ್‌ನಿಂದ ಅದನ್ನು ಮುಟ್ಟಲಾಗದು. ಸಂಶೋಧಕರಿಗೆ ಎರಡನೇ ಪೋಸ್ಟ್‌ಗ್ರೆಸ್. ಅದರಲ್ಲಿ ಯೋಜನೆಗೊಂದು ಡೇಟಾಬೇಸ್. ಅನುಮೋದನೆ ಪತ್ರದಲ್ಲಿರುವ ಕಾಲಂಗಳು, ಅನುಮೋದಿತ ವರ್ಷಗಳ ಸಾಲುಗಳು, ಅಷ್ಟೇ ಅದರೊಳಗೆ. ಇಲ್ಲದ್ದು ಸೋರುವುದಿಲ್ಲ. ಇದರಲ್ಲೂ ಒಂದು ತೂತಿದೆ: ಪೋಸ್ಟ್‌ಗ್ರೆಸ್‌ನಲ್ಲಿ ಹೊಸ ಡೇಟಾಬೇಸ್ ಮಾಡಿದರೆ ಅದಕ್ಕೆ ಸಂಪರ್ಕಿಸುವ ಹಕ್ಕು ಪಬ್ಲಿಕ್ ಹೆಸರಿನಲ್ಲಿ ಎಲ್ಲರಿಗೂ ಸಿಕ್ಕಿಬಿಡುತ್ತದೆ. ಡೇಟಾಬೇಸ್ ಹುಟ್ಟಿಸುವ ಸ್ಕ್ರಿಪ್ಟ್‌ನ ಎರಡನೇ ಸಾಲೇ ಪಬ್ಲಿಕ್‌ನಿಂದ ಕನೆಕ್ಟ್ ಹಕ್ಕು ಹಿಂಪಡೆಯುವುದಾಗಿರಬೇಕು. ಡೇಟಾಬೇಸ್‌ಗಳ ಹೆಸರು ಹೇಗೂ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ರೋಗದ ಹೆಸರಿಡದೆ ಬರೀ ಸಂಖ್ಯೆ ಇಟ್ಟದ್ದು.

ಕೂತು ಕೆಲಸ ಮಾಡುವ ಜಾಗ ಅಪಾಚೆ ಗ್ವಾಕಮೋಲಿ. ಬ್ರೌಸರ್‌ನಲ್ಲೇ ಡೆಸ್ಕ್‌ಟಾಪ್ ತೆರೆಯುತ್ತದೆ. ಹೊರಗಿನಿಂದ ಒಳಗೆ ಪೇಸ್ಟ್ ಮಾಡಬಹುದು, ಕೋಡ್ ತರಲು ಅದು ಬೇಕು. ಒಳಗಿನಿಂದ ಹೊರಗೆ ಕಾಪಿ ನಿಲ್ಲಿಸಿದೆ. ಡ್ರೈವ್ ಹಂಚಿಕೆ, ಎಸ್‌ಎಫ್‌ಟಿಪಿ, ಮುದ್ರಣ ಮೂರೂ ಬಂದ್. ಮುದ್ರಣವನ್ನು ಮರೆಯುವವರು ಹೆಚ್ಚು. ಅದನ್ನು ತೆರೆದಿಟ್ಟರೆ ಪಿಡಿಎಫ್ ನೇರವಾಗಿ ಸಂಶೋಧಕರ ಯಂತ್ರಕ್ಕೆ ಇಳಿಯುತ್ತದೆ. ಪರದೆಯ ಫೋಟೋ ತೆಗೆಯುವುದನ್ನು ಯಾವ ಸಾಫ್ಟ್‌ವೇರೂ ತಡೆಯದು. ಅದಕ್ಕೆ ಸಹಿ ಮಾಡಿದ ಒಪ್ಪಂದ, ಪರದೆಯ ಹಿನ್ನೆಲೆಯಲ್ಲಿ ಬಳಕೆದಾರರ ಹೆಸರು.

ಹೊರಹೋಗುವ ಬಾಗಿಲು

ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿಯಲ್ಲಿ ರೂಪುಗೊಂಡ ‘ಐದು ಸುರಕ್ಷತೆ’ಗಳ ಚೌಕಟ್ಟಿನಲ್ಲಿ ಯೋಜನೆ, ಜನ, ಜಾಗ, ಡೇಟಾ ಆದಮೇಲೆ ಕೊನೆಯದು ಫಲಿತಾಂಶ. ಮೊದಲ ನಾಲ್ಕು ಸರಿಯಿದ್ದೂ ಐದನೆಯದರಲ್ಲಿ ಎಡವಬಹುದು, ಅದೂ ಪ್ರಾಮಾಣಿಕ ಸಂಶೋಧಕರ ಕೈಯಲ್ಲೇ.

ಯಂತ್ರದ ಭಾಗ ಮೊದಲು. ಸಂಶೋಧಕರು ‘ಹೊರಗೆ’ ಎಂಬ ಫೋಲ್ಡರಿಗೆ ಫೈಲ್ ಹಾಕುತ್ತಾರೆ. ಒಂದು ಸೇವೆ ಅದನ್ನು ತಪಾಸಣೆಯ ಜಾಗಕ್ಕೆ ಒಯ್ಯುತ್ತದೆ, ಎಸ್‌ಎಚ್‌ಎ-256 ಬರೆದಿಡುತ್ತದೆ, ಇಬ್ಬರು ತಪಾಸಕರು ನೋಡಿ ಒಪ್ಪಿದ ಮೇಲೆ ಅದೇ ಹ್ಯಾಶ್ ಮತ್ತೆ ತಾಳೆ ನೋಡಿ ಹೊರಗೆ ಬಿಡುತ್ತದೆ. ಒಯ್ಯಲು ಮೂವ್ ಆದೇಶ ಬಳಸಿದರೆ ಕೆಲಸ ಕೆಟ್ಟಿತು. ಒಂದೇ ಫೈಲ್ ವ್ಯವಸ್ಥೆಯಲ್ಲಿ ಮೂವ್ ಎಂದರೆ ಹೆಸರು ಬದಲಾಗುವುದಷ್ಟೇ. ಆ ಫೈಲನ್ನು ಮೊದಲೇ ಬರೆಯಲು ತೆರೆದಿಟ್ಟುಕೊಂಡಿರುವ ಪ್ರೋಗ್ರಾಂ ತಪಾಸಣೆ ನಡೆಯುತ್ತಿರುವಾಗಲೂ ಅದರೊಳಗೆ ಬರೆಯುತ್ತಲೇ ಇರಬಹುದು. ಕಾಪಿ ಮಾಡಬೇಕು, ಸಂಶೋಧಕರಿಗೆ ಕೈಯಿಲ್ಲದ ಬೇರೆ ಫೈಲ್ ವ್ಯವಸ್ಥೆಗೆ.

ಬಿಡುವ ಫೈಲ್ ಬಗೆಗಳು ಮೂರೇ: ಸಿಎಸ್‌ವಿ, ಸಾದಾ ಪಠ್ಯ, ಪಿಎನ್‌ಜಿ ಚಿತ್ರ. ಗಾತ್ರ 2 ಎಂಬಿ ಒಳಗೆ. ಈ ಮಿತಿ ಅತಿಯಾಯಿತು ಎಂದು ಪ್ರತಿ ಹೊಸ ಯೋಜನೆಯವರೂ ಹೇಳುತ್ತಾರೆ, ಆದರೆ ಉಳಿದ ಬಗೆಗಳ ಹೊಟ್ಟೆಯಲ್ಲಿ ಏನಿರುತ್ತದೆ ನೋಡಿ. ಎಕ್ಸೆಲ್‌ನ ಪಿವಟ್ ಟೇಬಲ್ ಮೇಲೆ ಹತ್ತು ಸಾಲು ತೋರಿಸಿದರೂ ಅದರ ಕ್ಯಾಶ್‌ನಲ್ಲಿ ಮೂಲದ ಸಾಲುಗಳೆಲ್ಲ ಇರಬಹುದು. ಆರ್‌ನ ಜಿಜಿಪ್ಲಾಟ್ ಚಿತ್ರವನ್ನು ಆರ್‌ನ ಸ್ವಂತ ಫೈಲ್ ಬಗೆಯಾದ ಆರ್‌ಡಿಎಸ್ ಆಗಿ ಉಳಿಸಿದರೆ ಇಡೀ ಡೇಟಾ ಫ್ರೇಮ್ ಜೊತೆಗೆ ಹೋಗುತ್ತದೆ. ಎಲ್‌ಎಂ ಆದೇಶದ ಮಾದರಿಯೂ ಹಾಗೆಯೇ. ಜುಪಿಟರ್ ನೋಟ್‌ಬುಕ್‌ನಲ್ಲಿ ಕೋಡ್ ಕೆಳಗೆ ಹಿಂದೆ ಎಂದೋ ಮುದ್ರಿಸಿದ ಮೊದಲ ಐದು ಸಾಲು ಕೂತಿರುತ್ತದೆ. ಎಸ್‌ವಿಜಿ ಚಿತ್ರದಲ್ಲಿ ಪ್ರತಿ ಚುಕ್ಕಿಯ ನಿಖರ ಅಳತೆ ಅಂಕಿಯಲ್ಲೇ ಇರುತ್ತದೆ. ತರಬೇತಾದ ಯಂತ್ರಕಲಿಕೆಯ ಮಾದರಿ ಬೇಕು ಎಂದರೆ ಇನ್ನೂ ಹುಷಾರು: ಹತ್ತಿರದ ನೆರೆಹೊರೆ ನೋಡುವ ಮಾದರಿಯೊಳಗೆ ತರಬೇತಿಯ ಡೇಟಾವೇ ಪೂರ್ತಿ ಇರುತ್ತದೆ, ಸಪೋರ್ಟ್ ವೆಕ್ಟರ್ ಮಾದರಿಯಲ್ಲಿ ಅದರ ಒಂದು ಭಾಗ. ಪಿಎನ್‌ಜಿ ಕೂಡ ಹಾಗೇ ಹೋಗುವುದಿಲ್ಲ, ಅದೇ ಸೇವೆ ಅದನ್ನು ಹೊಸದಾಗಿ ಬರೆದು ಒಳಗಿನ ಪಠ್ಯ ಟಿಪ್ಪಣಿಗಳನ್ನು ಕಿತ್ತು ಬಿಡುತ್ತದೆ.

ಸ್ಕ್ರಿಪ್ಟ್ ಮೊದಲ ಜರಡಿ ಹಿಡಿಯುತ್ತದೆ: 32 ಹೆಕ್ಸ್ ಅಕ್ಷರದ ಸಾಲು ಎಲ್ಲಾದರೂ ಕಂಡರೆ ಅದು ವ್ಯಕ್ತಿಯ ಸಂಕೇತ, ಫೈಲ್ ಅಲ್ಲೇ ನಿಲ್ಲುತ್ತದೆ. 1ರಿಂದ 9ರ ಎಣಿಕೆ ಕಂಡರೆ ಗುರುತು ಹಾಕುತ್ತದೆ. ಉಳಿದದ್ದಕ್ಕೆ ಮನುಷ್ಯರೇ ಬೇಕು.

ಸಣ್ಣ ಸಂಖ್ಯೆ ಮುಚ್ಚಿದರೆ ಸಾಲದು ಎಂಬುದು ತಪಾಸಕರಿಗೆ ಮೊದಲು ಕಲಿಸಬೇಕಾದ ಪಾಠ. ಕೋಷ್ಟಕದ ಒಂದು ಸಾಲಿನ ಒಟ್ಟು 57, ಎರಡು ಮನೆಗಳಲ್ಲಿ 31 ಮತ್ತು 22, ಮೂರನೆಯದಕ್ಕೆ ಚುಕ್ಕಿ. ಚುಕ್ಕಿಯ ಹಿಂದೆ 4 ಇದೆ ಎಂದು ಕಳೆಯಲು ಬರುವ ಯಾರೂ ಹೇಳುತ್ತಾರೆ. ಇನ್ನೊಂದು ಮನೆಯನ್ನೂ ಮುಚ್ಚಬೇಕು, ಇಲ್ಲವೇ ಒಟ್ಟನ್ನೂ ಸೇರಿಸಿ ಎಲ್ಲವನ್ನೂ ಬೇರೆ ಬೇರೆಯಾಗಿ ಹತ್ತಿರದ 5ಕ್ಕೆ ತರಬೇಕು. ಇಲ್ಲಿ ಬಳಸುತ್ತಿರುವುದು ಎರಡನೆಯದು. ತಪ್ಪುವ ಸಾಧ್ಯತೆ ಅದರಲ್ಲಿ ಕಡಿಮೆ.

ಎರಡು ಬಿಡುಗಡೆಗಳ ನಡುವಿನ ವ್ಯತ್ಯಾಸ ಇದಕ್ಕಿಂತ ಗುಟ್ಟಾದದ್ದು. ಕಳೆದ ತಿಂಗಳು 143 ಜನರ ಸರಾಸರಿ ಹೋಗಿದೆ. ಈ ತಿಂಗಳು ಒಬ್ಬರನ್ನು ಬಿಟ್ಟು 142 ಜನರ ಸರಾಸರಿ. ಎರಡೂ ಕೋಷ್ಟಕಗಳು ತಮ್ಮಷ್ಟಕ್ಕೆ ನಿರ್ದೋಷಿ. ಎರಡು ಸರಾಸರಿಗಳನ್ನೂ ಆಯಾ ಜನರ ಸಂಖ್ಯೆಯಿಂದ ಗುಣಿಸಿ ಕಳೆದರೆ ಬಿಟ್ಟುಹೋದ ಆ ಒಬ್ಬರ ಅಳತೆ ಕೈಗೆ ಬರುತ್ತದೆ. ಆದ್ದರಿಂದ ತಪಾಸಕರ ಪರದೆಯಲ್ಲಿ ಹೊಸ ಫೈಲಿನ ಪಕ್ಕದಲ್ಲೇ ಆ ಯೋಜನೆಯಿಂದ ಹಿಂದೆ ಹೋದ ಕೋಷ್ಟಕಗಳೂ ಕಾಣಬೇಕು. ಗುಂಪಿನ ಸಂಖ್ಯೆ 10ಕ್ಕಿಂತ ಕಡಿಮೆ ಬದಲಾಗಿದ್ದರೆ ಹಳೆಯ ಗುಂಪಿನ ಮೇಲೆಯೇ ಮತ್ತೆ ಲೆಕ್ಕ ಹಾಕಲು ಹೇಳಿ ವಾಪಸ್ ಕಳಿಸುವುದು.

ಅತಿ ಹೆಚ್ಚು, ಅತಿ ಕಡಿಮೆ ಎಂಬ ಅಂಕಿಗಳು ಸಾಮಾನ್ಯವಾಗಿ ಒಬ್ಬೊಬ್ಬ ವ್ಯಕ್ತಿಯ ಅಂಕಿಗಳು. ಬದಲಿಗೆ 5 ಮತ್ತು 95ನೇ ಪರ್ಸೆಂಟೈಲ್, ಎಂದರೆ ಕೆಳಗಿನ ಮತ್ತು ಮೇಲಿನ 5 ಶೇಕಡಾ ಜನರನ್ನು ಬೇರ್ಪಡಿಸುವ ಅಂಕಿ. ಆಚೆ ಬದಿಯಲ್ಲಿ 10 ಜನ ಇರಬೇಕೆಂದರೆ ಗುಂಪಿನಲ್ಲಿ ಕನಿಷ್ಠ 200 ಜನ ಬೇಕಾಗುತ್ತದೆ. ಬಾಕ್ಸ್ ಚಿತ್ರದ ಹೊರಚುಕ್ಕಿಗಳೂ ವ್ಯಕ್ತಿಗಳೇ, ತೆಗೆಸಬೇಕು. ಕಾಲ ಕಳೆದಂತೆ ಎಷ್ಟು ಜನ ಉಳಿದರು ಎಂದು ತೋರಿಸುವ ಕಪ್ಲಾನ್-ಮೈಯರ್ ರೇಖೆಯ ಒಂದೊಂದು ಮೆಟ್ಟಿಲೂ ಹೆಚ್ಚಾಗಿ ಒಂದು ಸಾವು ಅಥವಾ ಒಂದು ಮರುಕಳಿಕೆ. ಸಮಯವನ್ನು ತಿಂಗಳಿಗೆ ಒಟ್ಟುಗೂಡಿಸಿ, ಉಳಿದವರು 10ಕ್ಕಿಂತ ಕಡಿಮೆಯಾದ ಕಡೆಯಿಂದ ಬಾಲವನ್ನು ಕತ್ತರಿಸುವುದು ಇಲ್ಲಿನ ನಿಯಮ. ರಿಗ್ರೆಶನ್ ಲೆಕ್ಕದ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬುದರ) ಗುಣಾಂಕಗಳು ಬಹುಮಟ್ಟಿಗೆ ನಿರಪಾಯ. ಸ್ವಾತಂತ್ರ್ಯದ ಡಿಗ್ರಿ, ಎಂದರೆ ಜನರ ಸಂಖ್ಯೆಯಿಂದ ಗುಣಾಂಕಗಳ ಸಂಖ್ಯೆ ಕಳೆದದ್ದು, 10ಕ್ಕೆ ಇಳಿಯದಿದ್ದರೆ ಸಾಕು.

ವಾಪಸ್ ಕಳಿಸುವಾಗ ‘ನಿರಾಕರಿಸಲಾಗಿದೆ’ ಎಂದಷ್ಟೇ ಬರೆದರೆ ಸಂಶೋಧಕರು ಮತ್ತೆ ಮತ್ತೆ ಊಹಿಸಿ ಹಾಕುತ್ತಾರೆ, ಸರತಿ ಬೆಳೆಯುತ್ತದೆ, ಸರತಿ ಬೆಳೆದಾಗ ತಪಾಸಣೆ ಸಡಿಲವಾಗುತ್ತದೆ. ಯಾವ ಮನೆ, ಯಾವ ಕಾರಣ, ಹೇಗೆ ಸರಿಪಡಿಸುವುದು, ಮೂರನ್ನೂ ಬರೆಯಬೇಕು. ಅದೇ ಕಾಲಂಗಳಿರುವ ಕೃತಕ ಡೇಟಾವನ್ನು ಮೊದಲೇ ಕೊಟ್ಟರೆ ಅವರು ಕೋಡನ್ನು ಹೊರಗೇ ತಿದ್ದಿ ತರುತ್ತಾರೆ, ಇದರಿಂದಲೂ ಸರತಿ ಇಳಿಯುತ್ತದೆ.

ಅವಧಿ ಮುಗಿದಾಗ, ಮತ್ತು ಪರೀಕ್ಷೆ

ಪೋಸ್ಟ್‌ಗ್ರೆಸ್‌ನಲ್ಲಿ ಬಳಕೆದಾರರಿಗೆ ಕೊನೆಯ ದಿನ ನಿಗದಿ ಮಾಡುವ ವ್ಯಾಲಿಡ್ ಅನ್‌ಟಿಲ್ ನಂಬಿ ಕೂರಬಾರದು. ಅದು ಪಾಸ್‌ವರ್ಡ್‌ನ ಕೊನೆಯ ದಿನ ಮಾತ್ರ. ಸರ್ಟಿಫಿಕೇಟ್‌ನಿಂದ ಬರುವವರಿಗೆ ಅದು ತಾಗುವುದಿಲ್ಲ, ಆಗಲೇ ತೆರೆದಿರುವ ಸೆಷನ್‌ಗೂ ತಾಗುವುದಿಲ್ಲ. ಕ್ರಮ ಹೀಗಿರಲಿ: ನೋಲಾಗಿನ್ ಹಾಕುವುದು, ಓಡುತ್ತಿರುವ ಸೆಷನ್‌ಗಳನ್ನು ಕೊಲ್ಲುವುದು, ವೈರ್‌ಗಾರ್ಡ್ ಕೀಲಿ ತೆಗೆಯುವುದು, ವರ್ಚುವಲ್ ಯಂತ್ರ ಆರಿಸುವುದು, ಅದರ ಡಿಸ್ಕ್‌ನ ಲಕ್ಸ್ ಕೀಲಿಗಳನ್ನು ಅಳಿಸುವುದು. ಎಸ್‌ಎಸ್‌ಡಿಯಲ್ಲಿ ಮೇಲೆ ಸೊನ್ನೆ ಬರೆದರೆ ಹಳೆಯ ಬ್ಲಾಕ್ ಅಳಿಯುತ್ತದೆ ಎಂಬ ಖಾತ್ರಿಯಿಲ್ಲ, ಕೀಲಿ ನಾಶವೇ ನೆಚ್ಚಬಹುದಾದ ದಾರಿ. ಆ ಯೋಜನೆಯ ತಲೆಭಾಗದ ಪ್ರತಿಯೂ ಅದೇ ದಿನ ಹೋಗಬೇಕು.

ಡೇಟಾಬೇಸ್‌ಗೆ ಬಂದ ಆದೇಶಗಳನ್ನು ದಾಖಲಿಸುವ ಪಿಜಿಆಡಿಟ್ ಬರೆಯುವ ಲಾಗ್‌ನಲ್ಲಿ ಹುಡುಕಿದ ಅಂಕಿಗಳೂ ಇರುತ್ತವೆ, ಹಾಗಾಗಿ ಲಾಗ್ ಯಂತ್ರದ ಡಿಸ್ಕ್‌ಗೂ ಅದೇ ಬೀಗ.

ಪರೀಕ್ಷೆ ಯೋಜನೆಯ ವರ್ಚುವಲ್ ಯಂತ್ರದ ಒಳಗಿನಿಂದಲೇ ನಡೆಯಬೇಕು: ಹೊರಗಿನ ವಿಳಾಸಕ್ಕೆ ಐಪಿವಿ4 ಮತ್ತು ಐಪಿವಿ6ರಲ್ಲಿ ಸಂಪರ್ಕ, ಪಿಂಗ್, ಡಿಎನ್‌ಎಸ್ ಪ್ರಶ್ನೆ, ಇಲ್ಲದ ಪ್ಯಾಕೇಜಿನ ಹೆಸರು, ಪಕ್ಕದ ಯೋಜನೆಯ ಡೇಟಾಬೇಸ್, 10 ಸಾಲನ್ನು ಒಳಗಿನಿಂದ ಹೊರಗೆ ಕಾಪಿ ಮಾಡುವುದು. ಎಲ್ಲವೂ ವಿಫಲವಾಗಬೇಕು, ಪ್ರತಿ ಪ್ರಯತ್ನವೂ ಲಾಗ್ ಯಂತ್ರದಲ್ಲಿ ಕಾಣಬೇಕು. ತಪಾಸಕರಿಗೂ ಪರೀಕ್ಷೆ ಇದೆ: ಮೂರು ತಿಂಗಳಿಗೊಮ್ಮೆ, ಸೋರಿಕೆ ಅಡಗಿಸಿದ ಆರು ಫೈಲ್‌ಗಳನ್ನು ಸರತಿಯಲ್ಲಿ ಸೇರಿಸುವುದು.

ಇದನ್ನೆಲ್ಲ ಒಂದು ಸಲ ಮಾಡಿ ಬಿಡುವಂತಿಲ್ಲ. ಬ್ಯಾಕಪ್‌ನಿಂದ ಹೊಸದಾಗಿ ಹಾಕಿದ ಡೆಬಿಯನ್ ಲಿನಕ್ಸ್ ಮೇಲೆ ಯಂತ್ರವನ್ನು ಮರಳಿ ಕಟ್ಟಿದಾಗ ನಿಯಮಗಳ ಫೈಲ್ ತನ್ನ ಜಾಗದಲ್ಲೇ ಇರುತ್ತದೆ, ಆದರೆ ಎನ್‌ಎಫ್‌ಟೇಬಲ್ಸ್ ಸೇವೆಯನ್ನು ಎನೇಬಲ್ ಮಾಡದಿದ್ದರೆ ಯಾರೂ ಆ ಫೈಲ್ ಓದುವುದಿಲ್ಲ. ಯಂತ್ರ ಬಾಗಿಲು ತೆರೆದುಕೊಂಡೇ ಎದ್ದು ನಿಲ್ಲುತ್ತದೆ. ಈಗ ಡೇಟಾ ಡಿಸ್ಕ್‌ನ ಬೀಗ ತೆಗೆಯುವ ಸ್ಕ್ರಿಪ್ಟ್ ಮೊದಲು ಔಟ್‌ಪುಟ್ ನೀತಿ ಡ್ರಾಪ್ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಪಾಸ್‌ವಾಕ್ಯವನ್ನೇ ಕೇಳುವುದಿಲ್ಲ.